ವರ್ಷಾವಾಸಕ್ಕೆ ಇಂಗ್ಲಿಷ್ ಬಿಟ್ಟ ಗಂಡ

ನನ್ನ ಗಂಡನಿಗೆ ಮಾತು ಬರುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು. ಮೂಗನಲ್ಲ ಮಾರಾಯರೇ. ಡಚ್ ಬರುತ್ತಿತ್ತು, ಇಂಗ್ಲಿಷ್ ಬರುತ್ತಿತ್ತು, ಜರ್ಮನ್ನೂ ಅಷ್ಟಿಷ್ಟು ಬರುತ್ತಿತ್ತು. ಬರದೇ ಇದ್ದದ್ದು ನಮ್ಮ ಥಾಯ್ ಒಂದೇ. ಇಪ್ಪತ್ತು ವರ್ಷಕ್ಕೂ ಮೇಲೆ ಫೆಟ್ಚಬುರಿಯ ಅನ್ನ ತಿಂದು, ಫೆಟ್ಚಬುರಿಯ ಹೊಳೆಯಲ್ಲಿ ಈಜಿ, ಫೆಟ್ಚಬುರಿಯ ಸೊಳ್ಳೆಗಳಿಗೆಲ್ಲ ರಕ್ತದಾನ ಮಾಡಿದ ಮನುಷ್ಯನ ಬಾಯಲ್ಲಿದ್ದದ್ದು 'ರುಚಿಯಾಗಿದೆ', 'ಖಾರ ಬೇಡ', 'ಎಷ್ಟು?', ಆಮೇಲೆ ಪಂಪ್‌ಸೆಟ್ಟಿನ ಬಿಡಿಭಾಗಗಳ ಹೆಸರು. ಅಷ್ಟೇ ಬಂಡವಾಳ.

ಹೆಸರು ಯೋಸ್ತ್. ಸಂತೆಯವರ ನಾಲಿಗೆಗೆ ಅದು ಹತ್ತದೆ ಯೋದ್ ಆದ. ಕಾಲುವೆಯ ತೂಬು ರಿಪೇರಿಗೆಂದು ಯಾವುದೋ ಕಂಪನಿಯವರ ಜೊತೆ ಬಂದವನು, ಸೇತುವೆಯ ಪಕ್ಕ ನಾನು ಮಾರುತ್ತಿದ್ದ ತಾಳೆಹಣ್ಣಿನ ಕಡುಬು ತಿಂದ. ಮರುದಿನವೂ ಬಂದು ತಿಂದ. ತೂಬು ರಿಪೇರಿಯಾಗಿ ಕಂಪನಿಯವರು ಹೊರಟುಹೋದರೂ ಇವನು ಕಡುಬು ತಿನ್ನುತ್ತಲೇ ಇದ್ದ. ನಾನು ಹುಡುಗಿಯಾಗಿದ್ದಾಗ ಬ್ಯಾಂಕಾಕಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ದುಡಿದವಳು. ಅಲ್ಲಿ ಹೆಕ್ಕಿಕೊಂಡು ಬಂದ ಹರಕು ಇಂಗ್ಲಿಷಿನಲ್ಲೇ ನಮ್ಮ ಪ್ರೀತಿ, ಅದರಲ್ಲೇ ಮದುವೆ, ಅದರಲ್ಲೇ ಸಂಸಾರ.

ಆ ಇಂಗ್ಲಿಷಿನಲ್ಲಿ ನಾನು ಬಲು ಸಾಧು ಹೆಂಗಸು. ಎದೆಯೊಳಗೆ ಹತ್ತು ಬೈಗುಳ ಒಟ್ಟಿಗೆ ಎದ್ದು ನಿಂತರೂ ಬಾಯಿಗೆ ಬರುತ್ತಿದ್ದದ್ದು 'ನೋ ಗುಡ್' ಮಾತ್ರ. ಸಂತೆಯಲ್ಲಿ ನನ್ನ ಬಾಯಿಗೆ ಹೆದರಿ ಮೀನು ಮಾರುವವರು ತಕ್ಕಡಿ ಸರಿಯಾಗಿ ಹಿಡಿಯುತ್ತಿದ್ದರು. ಅದೇ ನಾನು ಮನೆಯ ಹೊಸ್ತಿಲು ದಾಟಿದರೆ ಬಾಲವಾಡಿ ಮಗು. ಹೊರಗೆ ಹೊರಟರೆ ಅವನ ಬಾಯಿ ನಾನೇ. ಆಸ್ಪತ್ರೆಗೆ ನಾನು, ಬ್ಯಾಂಕಿಗೆ ನಾನು, ಪಂಪು ಕೆಟ್ಟಿತೆಂದು ಯಾವ ರೈತ ಕರೆದರೂ ಬೈಕಿನ ಹಿಂದೆ ನಾನು. ಕ್ಷೌರಕ್ಕೆ ಹೋದರೂ ಪಕ್ಕದ ಕುರ್ಚಿಯಲ್ಲಿ ಕೂತು "ಕಿವಿ ಹತ್ತಿರ ಸ್ವಲ್ಪ ಬಿಡಪ್ಪ" ಎಂದು ಹೇಳಬೇಕಾದವಳೂ ನಾನೇ. ಕ್ಷೌರಿಕ ವಿಚಿಯನ್ ಅಂತೂ "ಅಕ್ಕಾ, ತಲೆ ಅವರದ್ದೋ ನಿಮ್ಮದೋ?" ಎಂದು ಪ್ರತಿಸಲವೂ ಕೇಳುತ್ತಿದ್ದ.

ಕಲಿ ಎಂದು ಹೇಳಲಿಲ್ಲವೇ? ಹೇಳಿ ಹೇಳಿ ನಾಲಿಗೆ ಸವೆಯಿತು. ನಕ್ಕು ತಲೆಯಾಡಿಸುತ್ತಿದ್ದ. ಒಮ್ಮೆ ಬಾಯಿಬಿಟ್ಟಾಗ ಸಂತೆಯವರೆಲ್ಲ ನಕ್ಕಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅಂದಿನಿಂದ ಮುಚ್ಚಿಕೊಂಡವನು ಮತ್ತೆ ತೆರೆಯಲಿಲ್ಲ ಎಂದೇ ನಾನು ತಿಳಿದಿದ್ದೆ.

ನಮಗೆ ಮಕ್ಕಳಾಗಲಿಲ್ಲ. ತಂಗಿ ತೀರಿಕೊಂಡ ಮೇಲೆ ಅವಳ ಮಗ ತೂನ್ ನಮ್ಮ ಮನೆಯಲ್ಲೇ ಬೆಳೆದ. ದೊಡ್ಡಪ್ಪನ ಜೊತೆ ಗ್ರೀಸ್ ಮೆತ್ತಿಕೊಂಡು ಪಂಪು ಬಿಚ್ಚಿ ಪಂಪು ಜೋಡಿಸಿ ಆಳೆತ್ತರ ಬೆಳೆದ. ಆ ಇಬ್ಬರಿಗೆ ಭಾಷೆಯೇ ಬೇಕಿರಲಿಲ್ಲ. ಒಬ್ಬ ಕೈ ಚಾಚಿದರೆ ಇನ್ನೊಬ್ಬ ಬೇಕಾದ ಸ್ಪಾನರನ್ನೇ ಇಡುತ್ತಿದ್ದ. ಈ ಹುಡುಗ ಪಕ್ಕದೂರು ಬಾನ್ ಲಾತಿಗೆ ಪಂಪು ರಿಪೇರಿಗೆ ಹೋದವನು ಪಿಂಪಾ ಎಂಬ ಹುಡುಗಿಯ ಕೈಯಲ್ಲಿ ಮನಸ್ಸು ಬಿಟ್ಟು ಬಂದ. ಹುಡುಗಿಯೂ ಒಪ್ಪಿದ್ದಳು. ಅವಳ ಅಪ್ಪ ಪ್ರುಂಗ್ ತಾಳೆಮರ ಹತ್ತಿ ನೀರಾ ಇಳಿಸಿ ಬೆಲ್ಲ ಕಾಯಿಸುವ ಮನುಷ್ಯ. ನನಗಿಂತ ಹಿರಿಯ, ನನ್ನಷ್ಟೇ ಜೋರು.

ನಮ್ಮಲ್ಲಿ ಹೆಣ್ಣು ಕೇಳಲು ಹುಡುಗನ ಕಡೆಯ ಹಿರಿಯ ಗಂಡಸು ಹೋಗಿ ಬಾಯಿಬಿಟ್ಟು ಕೇಳಬೇಕು. ಹೆಂಗಸರು ಪಕ್ಕದಲ್ಲಿ ಕೂತು ತಲೆಯಾಡಿಸಬಹುದು, ಅಷ್ಟೇ. ಮೊದಲು ಮನಸ್ಸು ತಿಳಿದುಕೊಂಡು ಬರೋಣವೆಂದು ಒಂದು ಬುಟ್ಟಿ ಕಡುಬು ಹಿಡಿದು ನಾನೇ ಹೋದೆ. ಪ್ರುಂಗಣ್ಣ ಕಡುಬು ಚೆನ್ನಾಗಿಯೇ ತಿಂದ. ಬಾಯಿ ಒರೆಸಿಕೊಂಡು ಶುರು ಮಾಡಿದ.

"ಹುಡುಗ ಒಳ್ಳೆಯವನು, ನಂಗೊತ್ತು. ನನ್ನ ಪಂಪು ರಿಪೇರಿ ಮಾಡಿದಾನೆ. ನಿನ್ನ ಗಂಡ ಬರ್ತಾನಾ ಕೇಳೋಕೆ?"

"ಬರ್ತಾರಣ್ಣ. ಅವರ ಪರವಾಗಿ ನಾನು ಮಾತಾಡ್ತೀನಿ."

"ಅದೇ ಬೇಡ ಅನ್ನೋದು. ನಂಗೆ ಇರೋಳು ಒಬ್ಬಳೇ ಮಗಳು. ಅಂದ್ರೆ ಬೀಗನೂ ಒಬ್ಬನೇ. ಹಬ್ಬಕ್ಕೆ ಬಂದ್ರೆ ಜೊತೆಗೆ ಕೂತು ನಾಲ್ಕು ಮಾತಾಡ್ಬೇಕು, ಕಿತ್ತಾಡ್ಬೇಕು, ಮೊಮ್ಮಗು ಯಾರ ಥರ ಇದೆ ಅಂತ ಜಗಳ ಆಡ್ಬೇಕು. ನಾನು ಒಂದು ಅಂದ್ರೆ ನೀನು ಅದನ್ನ ಅವನಿಗೆ ಹೇಳಿ, ಅವನು ಒಂದು ಅಂದ್ರೆ ನೀನು ಅದನ್ನ ನಂಗೆ ಹೇಳಿ... ಇದೇನು ಸಂಬಂಧನೋ ಕೋರ್ಟೋ?"

"ಅಣ್ಣ, ಈ ವಯಸ್ಸಲ್ಲಿ ಅವರಿಗೆ..."

"ವಯಸ್ಸಾದ ಮೇಲೆ ನಾನು ತಾಳೆಮರ ಹತ್ತಲ್ವಾ? ವರ್ಷಾವಾಸ ಮುಗೀಲಿ. ಆಮೇಲೆ ಅವನೇ ಬರ್ಲಿ, ಅವನ ಬಾಯಲ್ಲೇ ಕೇಳ್ಲಿ, ನನ್ನ ಜೊತೆ ಕೂತು ಮಾತಾಡ್ಲಿ. ನೀನೂ ಬಾ, ಆದ್ರೆ ತುಟಿ ಪಿಟಕ್ ಅನ್ನಬಾರದು. ಅಂದ್ಯೋ, ಸಂಬಂಧ ಅಲ್ಲಿಗೆ ಮುಗೀತು."

ಭಿಕ್ಷುಗಳು ವಿಹಾರ ಬಿಟ್ಟು ಕದಲದ ಮಳೆಗಾಲದ ಆ ಮೂರು ತಿಂಗಳಲ್ಲಿ ನಮ್ಮಲ್ಲಿ ಮದುವೆಯ ಮಾತುಕತೆ ನಡೆಯುವುದಿಲ್ಲ. ಅಂದರೆ ಇವನಿಗೆ ಸಿಕ್ಕ ಗಡುವು ಅಷ್ಟೇ. ಇಪ್ಪತ್ತು ವರ್ಷದಲ್ಲಿ ಆಗದ್ದು ಒಂದು ಮಳೆಗಾಲದಲ್ಲಿ ಆಗಬೇಕು. ದಾರಿಯುದ್ದಕ್ಕೂ ಪ್ರುಂಗನನ್ನು ಬೈದುಕೊಂಡೇ ಬಂದೆ. ಮನೆಯಲ್ಲಿ ತೂನ್ ನನ್ನ ಮುಖ ನೋಡಿಯೇ ತಿಳಿದುಕೊಂಡು ಪಂಪಿನ ಮೇಲೆ ಬಗ್ಗಿಬಿಟ್ಟ. ಯೋಸ್ತ್‌ಗೆ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಅವನು ತುಂಬ ಹೊತ್ತು ಹುಡುಗನ ಬೆನ್ನನ್ನೇ ನೋಡುತ್ತ ನಿಂತಿದ್ದ.

ವರ್ಷಾವಾಸ ಶುರುವಾಗುವ ದಿನ ಊರವರು ವಿಹಾರಕ್ಕೆ ಮೇಣದಬತ್ತಿ ಹೊತ್ತು ಹೋಗುತ್ತಾರೆ. ಗಂಡಸರು ಗುರುಗಳ ಮುಂದೆ ಮಂಡಿಯೂರಿ ಈ ಮೂರು ತಿಂಗಳು ಇಂಥದ್ದು ಬಿಟ್ಟೆ ಎಂದು ವ್ರತ ತೊಡುತ್ತಾರೆ. ಹೆಚ್ಚಿನವರು ಬಿಡುವುದು ಹೆಂಡ. ಆ ವರ್ಷ ಕ್ಷೌರಿಕ ವಿಚಿಯನ್ ಕೂಡ ಬಿಟ್ಟ. ಅವನ ಹೆಂಡತಿ ಹಿಂದೆ ನಿಂತು ಕಣ್ಣೊರೆಸಿಕೊಂಡಳು. ಅವನ ಹಿಂದೆಯೇ ನನ್ನ ಗಂಡ ಮಂಡಿಯೂರಿದ. ಹೆಂಡ ಮುಟ್ಟದ ಮನುಷ್ಯ ಇನ್ನೇನು ಬಿಡುತ್ತಾನೆಂದು ನಾನು ಕಣ್ಣರಳಿಸಿದೆ.

"ನಾನು," ಎಂದ ಯೋಸ್ತ್ ನಮ್ಮ ಭಾಷೆಯಲ್ಲಿ, ಬೆವರುತ್ತ. "ಇಂಗ್ಲಿಷ್. ಬಿಟ್ಟೆ."

ಗುರುಗಳು ಕನ್ನಡಕ ಸರಿಮಾಡಿಕೊಂಡರು. "ಇಂಗ್ಲಿಷ್ ಬಿಟ್ಟೆಯಾ? ಮತ್ತೆ ಹೆಂಡತಿ ಹತ್ರ ಮಾತು?"

"ಥಾಯ್."

"ಬರುತ್ತಾ?"

"ಇಲ್ಲ."

ಇಡೀ ಸಭೆ ಗೊಳ್ಳೆಂದಿತು. ಗುರುಗಳೂ ನಕ್ಕರು. "ಆಯ್ತಪ್ಪ. ಹೆಂಡ ಬಿಟ್ಟವನಿಗೆ ಕೈ ನಡುಗುತ್ತೆ, ನಿನಗೆ ನಾಲಿಗೆ ನಡುಗುತ್ತೆ. ಒಂದು ವಾರ ತಡ್ಕೋ, ಸರಿಹೋಗುತ್ತೆ." ನೀರು ಚಿಮುಕಿಸಿ ಕಳಿಸಿದರು.

ಅಯ್ಯೋ, ಆ ಮೊದಲ ವಾರ! ಮನೆ ಮಸಣದ ಹಾಗಾಯಿತು. ಉಪ್ಪು ಬೇಕೆಂದರೆ ಅವನಿಗೆ ಉಪ್ಪು ಎನ್ನಲು ಬಾರದು. ನಾಲಿಗೆ ಚಾಚಿ ತೋರಿಸುತ್ತಿದ್ದ. ನಮ್ಮ ಭಾಷೆಯಲ್ಲಿ ದನಿ ಏರಿಸಿ ಇಳಿಸಿ ಮಾತಾಡಬೇಕು, ಇಲ್ಲದಿದ್ದರೆ ಅರ್ಥವೇ ಬೇರೆ. ಇವನದ್ದು ಇಸ್ತ್ರಿ ಹಾಕಿದ ಅಂಗಿಯ ಹಾಗೆ ಎಲ್ಲ ಒಂದೇ ಸಮ. ನನಗೋ ಇನ್ನೊಂದು ಪೇಚು. ಥಾಯ್‌ನಲ್ಲಿ ಗಂಡನ ಜೊತೆ ಮಾತಾಡಲು ನನಗೇ ನಾಚಿಕೆ! ಊರಿನ ಅಷ್ಟೂ ಜನರ ಜೊತೆ ಆಡುವ ಭಾಷೆ, ಅವನ ಮುಖ ಕಂಡಾಗ ಹೊರಡುತ್ತಿರಲಿಲ್ಲ. ಹೊಸ ಮದುಮಗಳ ಹಾಗೆ "ಊಟ... ಆಯ್ತಾ?" ಎಂದು ತಡವರಿಸುತ್ತಿದ್ದೆ. ಅವನ ಅಕ್ಕ ಹಾಲೆಂಡಿನಿಂದ ಫೋನ್ ಮಾಡಿದರೆ ಮಾತ್ರ ಕಟ್ಟೆ ಒಡೆದ ಕೆರೆಯಂತೆ ಡಚ್ಚಿನಲ್ಲಿ ಹರಿಯುತ್ತಿದ್ದ. "ಇದು ಮೋಸ, ಡಚ್ಚೂ ಬಿಡ್ಬೇಕಿತ್ತು," ಎಂದು ವಿಚಿಯನ್ ತಕರಾರು ತೆಗೆದ.

ನಾಚಿಕೆ ಬಿಟ್ಟದ್ದು ಒಂದು ಬೆಳಿಗ್ಗೆ. ತಾಳೆಹಣ್ಣಿನ ತಿರುಳು ಸೋಸುವ ನನ್ನ ಬಿಳಿ ಬಟ್ಟೆಯಲ್ಲಿ ಈ ಪುಣ್ಯಾತ್ಮ ಪಂಪಿನ ಗ್ರೀಸ್ ಒರೆಸಿದ್ದ. ನೋಡಿದೆನೋ ಇಲ್ಲವೋ, ಇಪ್ಪತ್ತು ವರ್ಷದ ಬಾಕಿಯೆಲ್ಲ ಒಂದೇ ಸಲಕ್ಕೆ ಹೊರಬಿತ್ತು. ನಿನ್ನ ಕೈಗೆ ಹುಳ ಬೀಳ, ನಿನಗೆ ಕಣ್ಣು ಇದೆಯೋ ಗೋಲಿ ಇದೆಯೋ, ನಿಮ್ಮೂರಲ್ಲಿ ಹೆಂಡತಿಯ ಲಂಗದಲ್ಲೂ ಗಾಡಿ ಒರೆಸ್ತಾರೇನು... ಬೇಲಿಯಾಚೆ ನೆರೆಯವರು ನೆರೆದರು. ಯೋಸ್ತ್ ಬಟ್ಟೆ ಹಿಡಿದು ಬಾಯಿ ತೆರೆದು ನಿಂತಿದ್ದ.

"ನೀನು ಇಷ್ಟು... ಮಾತಾಡ್ತೀಯಾ?" ಎಂದ, ನಿಧಾನವಾಗಿ.

"ಹೂಂ, ಮಾತಾಡ್ತೀನಿ! ಮೊದಲಿಂದ ಮಾತಾಡ್ತಾನೇ ಇದ್ದೆ. ನಿಂಗೆ ಕೇಳಿಸ್ತಿರಲಿಲ್ಲ ಅಷ್ಟೆ!"

ಅವನ ಮುಖದ ಮೇಲೆ ನಗು ಹರಡಿತು. ಹೊಸ ಹೆಂಡತಿಯನ್ನು ಯಾರೋ ಉಡುಗೊರೆ ಕೊಟ್ಟ ಹಾಗೆ ನನ್ನನ್ನು ನೋಡಿದ. "ಇನ್ನೂ ಬೈ," ಎಂದ. "ನಿಧಾನ ಬೈ. ಕಲೀತೀನಿ."

ಏನು ಮಾಡಲಿ ಹೇಳಿ? ನಾನೂ ನಕ್ಕುಬಿಟ್ಟೆ. ನೆರೆಯ ಹೆಂಗಸರು ಚಪ್ಪಾಳೆ ಹೊಡೆದರು. ಅಂದಿನಿಂದ ದಿನಾ ಬೆಳಿಗ್ಗೆ ಬೈಗುಳದ ಪಾಠ. ಅವನು ಎದುರುತ್ತರ ಕೊಡುವುದನ್ನೂ ಕಲಿತ. 'ನಿನ್ನ ಕಡುಬಿಗಿಂತ ನಿನ್ನ ಬಾಯಿ ಬಿಸಿ' ಎಂದು ಸಂತೆಯಲ್ಲಿ ಎಲ್ಲರೆದುರು ಹೇಳಿದ ದಿನ ನನಗೆ ಸಿಟ್ಟೂ ಬಂತು, ಗಿರಾಕಿಗಳೂ ಬಂದರು.

ಆದರೆ ಮನೆಯ ಪಾಠವಷ್ಟೇ ಸಾಲದೆಂದು ಅವನಿಗೆ ಗೊತ್ತಿತ್ತು. ಎಲ್ಲ ಕಡೆ ಒಬ್ಬನೇ ಹೋಗತೊಡಗಿದ. ಬ್ಯಾಂಕಿಗೆ ಒಬ್ಬನೇ. ಹಲ್ಲು ಕೀಳಿಸಲು ಒಬ್ಬನೇ. ಪಂಪು ಕೆಟ್ಟ ರೈತನ ಮನೆಗೆ ಒಬ್ಬನೇ ಹೋಗಿ, ಊಟ ಮಾಡಿ, ಮನೆಯವರ ಕಷ್ಟಸುಖವನ್ನೆಲ್ಲ ಕೇಳಿಕೊಂಡು ಬರುತ್ತಿದ್ದ. ಸಂಜೆಯಾದರೆ ಸೇತುವೆಯ ಕಟ್ಟೆಯ ಮೇಲೆ ವಿಚಿಯನ್ ಜೊತೆ ಕೂರುತ್ತಿದ್ದ. ಹೆಂಡ ಬಿಟ್ಟ ಕ್ಷೌರಿಕನಿಗೆ ಸಂಜೆ ಕಳೆಯುವುದು ಹೇಗೆಂದು ತಿಳಿಯದು, ಇಂಗ್ಲಿಷ್ ಬಿಟ್ಟವನಿಗೆ ಮಾತಾಡಿಸುವವರು ಬೇಕು. ವಿಚಿಯನ್‌ನ ಬಾಯಿಗೆ ಬೀಗವಿಲ್ಲ. ಊರಿನ ಅರ್ಧ ಚರಿತ್ರೆ ನನ್ನ ಗಂಡನಿಗೆ ಅಲ್ಲೇ ತಿಳಿಯಿತು, ನನ್ನ ಬಾಲ್ಯದ ಕಿತಾಪತಿಗಳೂ ಸೇರಿ.

ಊರೆಲ್ಲ ಖುಷಿಪಟ್ಟಿತು. ತೂನ್ ಅಂತೂ ದೊಡ್ಡಪ್ಪನ ಒಂದೊಂದು ಹೊಸ ಮಾತಿಗೂ ಮದುವೆ ಒಂದೊಂದು ಗೇಣು ಹತ್ತಿರ ಬಂತೆಂಬಂತೆ ಹಿಗ್ಗುತ್ತಿದ್ದ. ನಾನೂ ಹಿಗ್ಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಅಂಗಡಿ ಮುಚ್ಚಿ ಮನೆಗೆ ಬಂದು ಒಬ್ಬಳೇ ಕೂತಾಗ ಒಂದೇ ಪ್ರಶ್ನೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಹುಡುಗನಿಗಾಗಿ ಒಂದು ಮಳೆಗಾಲದಲ್ಲಿ ಕಲಿತವನು, ನನಗಾಗಿ ಇಷ್ಟು ವರ್ಷ ಯಾಕೆ ಕಲಿಯಲಿಲ್ಲ? ನಾನು ಅವನಿಗಾಗಿ ಪರದೇಶದ ಭಾಷೆಯಲ್ಲಿ ಮುಗ್ಗರಿಸುತ್ತ ಬದುಕಿದೆನಲ್ಲ. ಕೇಳಬೇಕೆನಿಸುತ್ತಿತ್ತು. ಶುಭಕಾರ್ಯ ಮುಗಿಯಲಿ ಎಂದು ನುಂಗಿಕೊಂಡೆ.

ವರ್ಷಾವಾಸ ಮುಗಿಯಿತು. ಗುರುಗಳು ಒಳ್ಳೆಯ ದಿನ ನೋಡಿಕೊಟ್ಟರು. ಎಲೆಅಡಿಕೆಯ ತಟ್ಟೆ, ಬಾಳೆಹಣ್ಣು, ನನ್ನ ಕಡುಬು ಹಿಡಿದು ಬಾನ್ ಲಾತಿಗೆ ಹೊರಟೆವು. ಯೋಸ್ತ್, ನಾನು, ತೂನ್. ಜೊತೆಗೆ ವಿಚಿಯನ್, ಹೆಣ್ಣಿನ ಕಡೆಯವರು ಒಪ್ಪುವವರೆಗೆ ಹೆಂಡ ಮುಟ್ಟುವುದಿಲ್ಲವೆಂದು ವ್ರತ ಮುಂದುವರಿಸಿದ್ದ, ಪಾಪ. ಪ್ರುಂಗಣ್ಣನ ಮನೆಯ ಜಗಲಿಯ ಮೇಲೆ ಚಾಪೆ ಹಾಸಿತ್ತು. ಒಳಗೆ ಪ್ರುಂಗನ ಹೆಂಡತಿ ಉಬೊನ್, ಅವಳ ಬೆನ್ನ ಹಿಂದೆ ಪಿಂಪಾ. ನಾನು ಕೂತ ತಕ್ಷಣ ಪ್ರುಂಗ್ ನನ್ನತ್ತ ಬೆರಳು ತೋರಿಸಿ ತನ್ನ ತುಟಿ ಮುಟ್ಟಿಕೊಂಡ. ನನ್ನನ್ನು ನಾನು ನಂಬದೆ, ಮುದುಕಿಯರ ಹಾಗೆ ಎಲೆಅಡಿಕೆ ಮಡಿಸಿ ಬಾಯಿ ತುಂಬ ತುರುಕಿಕೊಂಡೆ.

ಹೆಣ್ಣು ಕೊಡಿ ಎಂದು ನಮ್ಮಲ್ಲಿ ಮುಖಕ್ಕೆ ಹೊಡೆದಂತೆ ಕೇಳುವುದಿಲ್ಲ. ಯೋಸ್ತ್ ಕೈ ಮುಗಿದು, ಬೆನ್ನು ನೆಟ್ಟಗೆ ಮಾಡಿ, ಹಿರಿಯರು ಹೇಳುವ ರೀತಿಯಲ್ಲೇ ಹೇಳಿದ:

"ನಿಮ್ಮ ಹಿತ್ತಲಲ್ಲಿ ಒಳ್ಳೇ ಕುಂಬಳ, ಸೋರೆ ಬೆಳೆದಿದೆ ಅಂತ ಕೇಳಿದ್ವಿ. ನಮ್ಮ ಹಿತ್ತಲು ಖಾಲಿ ಇದೆ. ಬೀಜಕ್ಕೆ ಒಂದು ಕೊಟ್ರೆ, ನೀರು ಹಾಕಿ, ಬಿಸಿಲಿಗೆ ಬಾಡದ ಹಾಗೆ ನೋಡ್ಕೋತೀವಿ."

ಒಂದು ಅಕ್ಷರ ತಪ್ಪಲಿಲ್ಲ. ತೂನ್ ಉಸಿರು ಬಿಟ್ಟ. ವಿಚಿಯನ್ ತಾನೇ ಹೆತ್ತ ಮಗನನ್ನು ನೋಡುವ ಹಾಗೆ ನೋಡಿದ.

"ಗಿಣಿಪಾಠ," ಎಂದ ಪ್ರುಂಗ್. "ಇದನ್ನ ಮಕ್ಕಳೂ ಹೇಳ್ತಾರೆ. ಕಾಲು ಚಾಚಿ ಕೂತ್ಕೋ. ಮಾತಾಡೋಣ."

ಮಾತಾಡಿದರು, ನೋಡಿ. ಪ್ರುಂಗ್ ಮೊದಲು ತನ್ನ ಮಂಡಿನೋವು ಎತ್ತಿದ. ಯೋಸ್ತ್ ತನ್ನದು ಎತ್ತಿದ. ಮರ ಹತ್ತುವವರು ಈಗ ಸಿಗುತ್ತಿಲ್ಲವೆಂದು ಪ್ರುಂಗ್ ಗೋಳಾಡಿದ. "ನಂಗೆ ಕಲಿಸು," ಎಂದ ಯೋಸ್ತ್. "ನಿನ್ನ ತೂಕಕ್ಕೆ ಮರಾನೇ ಕೆಳಗೆ ಬರುತ್ತೆ!" ಎಂದು ಪ್ರುಂಗ್ ಹೊಟ್ಟೆ ಹಿಡಿದು ನಕ್ಕ. ಒಂದೊಂದು ಕಡೆ ಯೋಸ್ತ್‌ಗೆ ಪದ ಸಿಗದೆ ನನ್ನತ್ತ ತಿರುಗುತ್ತಿದ್ದ. ನಾನು ಎಲೆಅಡಿಕೆ ಜಗಿಯುತ್ತ ಆಕಾಶ ನೋಡುತ್ತಿದ್ದೆ. ಆಗ ಅವನು ಸುತ್ತು ಬಳಸಿ, ಕೈ ಆಡಿಸಿ, ಹೇಗೋ ದಡ ಸೇರುತ್ತಿದ್ದ. ಇನ್ನೇನು ಕೆಲಸವಾಯಿತು ಎಂದುಕೊಂಡೆ.

ಅಷ್ಟರಲ್ಲಿ ಪ್ರುಂಗನ ನಗು ನಿಂತಿತು.

"ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಮೂರು ತಿಂಗಳಲ್ಲಿ ಇಷ್ಟು ಮಾತು ಕಲ್ತಿದೀಯ. ಅಂದ್ರೆ ನಿಂಗೆ ಕಲಿಯೋಕೆ ಆಗ್ತಿತ್ತು. ಹುಡುಗನಿಗೋಸ್ಕರ ಕಲ್ತೆ. ಸಂತೋಷ. ಆದ್ರೆ ಇಪ್ಪತ್ತು ವರ್ಷದಿಂದ ನಿನ್ನ ಜೊತೆ ಬಾಳಿದ ಈ ಹೆಂಗಸಿಗೋಸ್ಕರ ಯಾಕೆ ಕಲೀಲಿಲ್ಲ? ಹೆಂಡತಿ ಮಾತು ಬೇಡ ಅಂತ ಇದ್ದ ಮನೆಗೆ ನಾನು ಮಗಳನ್ನ ಹೇಗೆ ಕಳಿಸ್ಲಿ? ಹುಡುಗ ಅದನ್ನೇ ಅಲ್ವಾ ನೋಡಿ ಬೆಳೆದಿರೋದು?"

ನನ್ನ ಹೊಟ್ಟೆಯೊಳಗಿನ ಮುಳ್ಳನ್ನೇ ಈ ಬೆಲ್ಲ ಕಾಯಿಸುವವನು ಕಿತ್ತು ಚಾಪೆಯ ಮೇಲಿಟ್ಟಿದ್ದ. ತೂನ್‌ನ ಮುಖ ಬೂದಿಯಾಯಿತು. ಒಳಗೆ ಪಿಂಪಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಏನಾದರೊಂದು ಹೇಳಿ ಸಂಭಾಳಿಸಲು ನನಗೆ ನೂರು ಸುಳ್ಳು ಬರುತ್ತಿತ್ತು, ಆದರೆ ತುಟಿ ಬಿಚ್ಚುವಂತಿಲ್ಲ. ನಿಜ ಹೇಳಲೇ, ಅವನ ಉತ್ತರ ಕೇಳಬೇಕೆಂಬ ಆಸೆಯೂ ಇತ್ತು, ಕೇಳಲು ಭಯವೂ ಇತ್ತು.

ಯೋಸ್ತ್ ಅಂಗೈ ನೋಡಿಕೊಂಡ. ನನ್ನತ್ತ ತಿರುಗಲಿಲ್ಲ. ಆಮೇಲೆ ಒಂದೊಂದೇ ಮಾತನ್ನು ಆರಿಸಿ ಇಡುವಂತೆ ಹೇಳಿದ.

"ನಂಗೆ ಮಾತು ಬರಲ್ಲ. ಅದಕ್ಕೆ ಇವಳು ಬರ್ತಾಳೆ. ಆಸ್ಪತ್ರೆಗೆ ಬರ್ತಾಳೆ. ಬ್ಯಾಂಕಿಗೆ ಬರ್ತಾಳೆ. ಬೈಕಿನ ಹಿಂದೆ ಕೂರ್ತಾಳೆ. ಎಲ್ಲಿ ಹೋದ್ರೂ ಪಕ್ಕದಲ್ಲಿ ಕೂರ್ತಾಳೆ. ನಂಗೆ ಅದು ಇಷ್ಟ. ಕಲ್ತುಬಿಟ್ರೆ, 'ನಿಂಗೆ ಬರುತ್ತಲ್ಲ, ನೀನೇ ಹೋಗು' ಅಂತಾಳೆ. ಅದು ಭಯ. ಈ ಮಳೆಗಾಲ ಎಲ್ಲಾ ಕಡೆ ಒಬ್ಬನೇ ಹೋದೆ. ಚೆನ್ನಾಗಿರಲಿಲ್ಲ. ಆದ್ರೆ ಇವಳು ನನ್ನ ಬೈತಾಳೆ, ನಗ್ತಾಳೆ, ಅದೆಲ್ಲ ಈಗ ಗೊತ್ತಾಯ್ತು. ಮೊದಲೇ ಕಲೀಬೇಕಿತ್ತು. ನಾನು ದಡ್ಡ."

ವಿಚಿಯನ್ ಮೂಗು ಸುರ್ರೆಂದು ಎಳೆದುಕೊಂಡ. ಪ್ರುಂಗ್ ತನ್ನ ಹೆಗಲ ಮೇಲಿನ ಪಂಚೆಯಿಂದ ಮುಖ ಒರೆಸಿಕೊಂಡ, ಬೆವರೇನೂ ಇರಲಿಲ್ಲ. ಆಮೇಲೆ ಒಳಗೆ ತಿರುಗಿ ಗಟ್ಟಿಯಾಗಿ ಕೂಗಿದ.

"ಉಬೊನ್! ಕುಂಬಳ ಕೊಟ್ಟುಬಿಡು ಕಣೇ. ಹಿತ್ತಲು ಪರವಾಗಿಲ್ಲ."

ಒಳಗಿನಿಂದ ಪಿಂಪಾ ಖುಷಿಯಿಂದ ಚೀರಿದ್ದು ಕೇಳಿತು. ತೂನ್ ಹಣೆ ನೆಲಕ್ಕೆ ಹಚ್ಚಿ ಪ್ರುಂಗನಿಗೆ ನಮಸ್ಕಾರ ಮಾಡಿದವನು, ಎದ್ದು ದೊಡ್ಡಪ್ಪನ ಕಾಲಿಗೂ ಬಿದ್ದ. ವಿಚಿಯನ್ "ಇನ್ನು ನಾನು ಕುಡೀಬಹುದಾ?" ಎಂದು ಯಾರನ್ನೋ ಕೇಳಿದ.

ಪ್ರುಂಗ್ ನನ್ನ ಕಡೆ ನೋಡಿದ. "ಬೀಗಿತ್ತಿ, ಈಗ ನೀನು ಬಾಯಿ ಬಿಡಬಹುದು."

ಬಿಡಬಹುದಂತೆ! ಇಡೀ ಸಂತೆಯನ್ನು ಹೆದರಿಸಿದ ಬಾಯಿ ನನ್ನದು. ಅದರ ತುಂಬ ಎಲೆಅಡಿಕೆ, ಕಣ್ಣಿನ ತುಂಬ ನೀರು. ಜಗಲಿಯ ಅಂಚಿಗೆ ಹೋಗಿ ಉಗಿದೆ, ಬಾಯಿ ತೊಳೆದೆ, ಬಂದು ಗಂಡನ ಎದುರು ನಿಂತೆ. ಅವನು ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದ್ದ.

"ಮಂಗ," ಎಂದೆ. "ನಿಂಗೆ ಎಷ್ಟೇ ಮಾತು ಬರಲಿ, ನಾಳೆ ಕ್ಷೌರಕ್ಕೆ ನಾನೂ ಬರ್ತೀನಿ."

"ಅಕ್ಕಾ," ಎಂದ ವಿಚಿಯನ್, "ಅವರಿಗೆ ಉಳಿದಿರೋ ಕೂದಲಿಗೆ ಇಬ್ಬರು ಯಾಕೆ?"

"ನೀನು ಸುಮ್ನೆ ಕತ್ತರಿ ಹಿಡ್ಕೊಳೋ," ಎಂದು ಯೋಸ್ತ್ ನನಗಿಂತ ಮೊದಲೇ ಹೇಳಿಬಿಟ್ಟ, ಪಕ್ಕಕ್ಕೆ ಸರಿದು ಚಾಪೆಯ ಮೇಲೆ ನನಗೆ ಜಾಗ ಮಾಡಿದ.